ಹಲ್ಲಿನ ಕುರ್ಚಿಯ ಭಯಕ್ಕೆ ಮಂಪರು ಮದ್ದು: ಯಾರಿಗೆ, ಎಷ್ಟು?

"ಪ್ರಜ್ಞೆ ತಪ್ಪಿಸಿ ಕೀಳ್ಲಿಕ್ಕೆ ಆಗ್ತದಾ ಡಾಕ್ಟ್ರೇ?" ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಬರುವವರಲ್ಲಿ ಹೀಗೆ ಕೇಳುವವರು ತುಂಬ ಜನ. ತೋಟದಲ್ಲಿ ಹಾವು ಕಂಡರೂ ಹೆದರದವರು ನಮ್ಮ ಕುರ್ಚಿಯಲ್ಲಿ ಬೆವರುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಫೋನ್ ಮಾಡಿ ಸಮಯ ಕೇಳುವಾಗಲೇ ಭಯದ ವಿಷಯ ಹೇಳಿಬಿಡಿ. ಬಾಯಿ ತೆರೆದು ಕೂತ ಮೇಲೆ ಹೇಳಿದರೆ ಹೆಚ್ಚು ದಾರಿ ಉಳಿದಿರುವುದಿಲ್ಲ.

ಭಯಕ್ಕಿಂತ ಕೆಟ್ಟದ್ದು ಅದರಿಂದ ಆಗುವ ತಡ. ಹುಳುಕಿಗೆ ಲವಂಗದೆಣ್ಣೆಯ ಹತ್ತಿ ಇಟ್ಟು, ನೋವಿನ ಮಾತ್ರೆ ನುಂಗಿ ದಿನ ತಳ್ಳುತ್ತಾರೆ. ಕೆನ್ನೆ ಊದಿದ ಮೇಲೆ ಬರುತ್ತಾರೆ. ಕೀವು ತುಂಬಿದ ಜಾಗದಲ್ಲಿ ಆಮ್ಲದ ಅಂಶ ಜಾಸ್ತಿ. ಅಲ್ಲಿ ಮರಗಟ್ಟಿಸುವ ಲಿಗ್ನೋಕೇನ್ ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ ನೋವಾಗುತ್ತದೆ, ಮುಂದಿನ ಸಲ ಭಯ ಇಮ್ಮಡಿಯಾಗುತ್ತದೆ. ಬೇಗ ಬಂದಿದ್ದರೆ ಬರೀ ಫಿಲ್ಲಿಂಗ್‌ನಲ್ಲಿ ಮುಗಿಯುತ್ತಿದ್ದ ಹಲ್ಲು ಅದು.

ಇನ್ನೊಂದು ವಿಷಯ ಜನರಿಗೆ ಸ್ಪಷ್ಟವಿಲ್ಲ. ಮಂಪರು ಬರಿಸುವ ಮದ್ದು ಭಯವನ್ನು ತಗ್ಗಿಸುತ್ತದೆ, ನೋವನ್ನು ನಿಲ್ಲಿಸುವುದಿಲ್ಲ. ಒಸಡಿಗೆ ಇಂಜೆಕ್ಷನ್ ಆಮೇಲೂ ಬೇಕೇ ಬೇಕು.

ನನ್ನ ಅನುಭವದಲ್ಲಿ ಹೆಚ್ಚಿನವರಿಗೆ ಮಂಪರು ಬೇಕಾಗುವುದೇ ಇಲ್ಲ. ಒಸಡನ್ನು ಒರೆಸಿ, ಮರಗಟ್ಟಿಸುವ ಜೆಲ್ ಹಚ್ಚಿ ಒಂದೆರಡು ನಿಮಿಷ ಕಾಯಬೇಕು. ಆಮೇಲೆ ಮದ್ದನ್ನು ನಿಧಾನಕ್ಕೆ ಬಿಡಬೇಕು. ಅವಸರದಲ್ಲಿ ಒತ್ತಿದರೆ ಸೂಜಿಗಿಂತ ಮದ್ದು ನುಗ್ಗುವ ಒತ್ತಡವೇ ಜಾಸ್ತಿ ನೋಯಿಸುತ್ತದೆ. "ಎಡಗೈ ಎತ್ತಿ, ನಾನು ನಿಲ್ಲಿಸ್ತೇನೆ" ಎಂದು ಮೊದಲೇ ಹೇಳಿರುತ್ತೇನೆ. ಕೆಲವರು ನೋವಿಲ್ಲದಿದ್ದರೂ ಒಮ್ಮೆ ಕೈ ಎತ್ತಿ ನೋಡುತ್ತಾರೆ. ನಿಜವಾಗಿಯೂ ನಿಲ್ಲಿಸಿದೆ ಎಂದು ಗೊತ್ತಾದ ಮೇಲೆ ಅವರ ಭುಜ ಸಡಿಲವಾಗುವುದು ಕಣ್ಣಿಗೆ ಕಾಣುತ್ತದೆ.

ಅಷ್ಟಕ್ಕೂ ಆಗದವರಿಗೆ ನೈಟ್ರಸ್ ಆಕ್ಸೈಡ್ ಒಳ್ಳೆಯದು. ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ 1844ರಲ್ಲಿ ಈ ಅನಿಲ ಉಸಿರಾಡಿ ತನ್ನದೇ ಹಲ್ಲು ಕೀಳಿಸಿಕೊಂಡಿದ್ದ. ಈಗ ಇದನ್ನು ಆಮ್ಲಜನಕದ ಜೊತೆ ಬೆರೆಸಿ, ಮೂಗಿನ ಮೇಲಿಡುವ ಮಾಸ್ಕಿನಿಂದ ಕೊಡುತ್ತಾರೆ. ಆಮ್ಲಜನಕ ಶೇ. 30ಕ್ಕಿಂತ ಕೆಳಗೆ ಇಳಿಯಬಾರದು. ಬೆರಳು ಜುಮ್ ಎನ್ನುತ್ತದೆ, ಮೈ ಹಗುರವಾದಂತೆ ಅನಿಸುತ್ತದೆ. ನಿದ್ದೆ ಬರುವುದಿಲ್ಲ, ಮಾತಾಡಿದರೆ ಉತ್ತರ ಕೊಡಬಹುದು. ಕೊನೆಗೆ ಕೆಲವು ನಿಮಿಷ ಬರೀ ಆಮ್ಲಜನಕ ಕೊಟ್ಟರೆ ಮಂಪರು ಇಳಿಯುತ್ತದೆ. ಮೂಗಿನಿಂದಲೇ ಉಸಿರಾಡಬೇಕಾದ್ದರಿಂದ ಮಳೆಗಾಲದ ನೆಗಡಿ ಇದ್ದರೆ ದಿನ ಮುಂದೂಡುವುದೇ ಸರಿ. ಗರ್ಭಿಣಿಯರು, ಅದರಲ್ಲೂ ಮೊದಲ ಮೂರು ತಿಂಗಳಲ್ಲಿರುವವರು, ಮತ್ತು ಬಿ12 ಕೊರತೆ ಇರುವವರು ಮೊದಲೇ ತಿಳಿಸಬೇಕು.

ಮಾತ್ರೆಯ ದಾರಿ ಸುಲಭ ಅನಿಸುತ್ತದೆ, ಅಲ್ವಾ? ನನಗೆ ಹೆಚ್ಚು ಆತಂಕ ಇರುವುದು ಇದರ ಬಗ್ಗೆಯೇ. ಡಯಾಜೆಪಾಮ್‌ನಂಥ ಮಾತ್ರೆಯನ್ನು ಸುಮಾರು ಒಂದು ಗಂಟೆ ಮೊದಲು ಕೊಡುವುದುಂಟು. ಆದರೆ ಒಬ್ಬರಿಗೆ ಏನೂ ಆಗದ ಪ್ರಮಾಣ ಇನ್ನೊಬ್ಬರನ್ನು ಗಾಢ ನಿದ್ದೆಗೆ ದೂಡಬಹುದು. ನುಂಗಿದ ಮೇಲೆ ಪ್ರಮಾಣ ಕಡಿಮೆ ಮಾಡುವ ಹಾಗಿಲ್ಲ. ಆದ್ದರಿಂದ ಮನೆಯಲ್ಲಿ ಅಜ್ಜಿಗೆ ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ಧೈರ್ಯಕ್ಕೆಂದು ನುಂಗಿ ಬರಬೇಡಿ, ದಯವಿಟ್ಟು. ಮದ್ಯದ ಜೊತೆ ಸೇರಿದರೆ ಉಸಿರಾಟವೇ ತಗ್ಗಬಹುದು. ಜೊತೆಗೊಬ್ಬರು ಇರಬೇಕು. ಮರುದಿನದವರೆಗೆ ಬೈಕ್ ಬೇಡ, ಏಣಿ ಬೇಡ, ಅಡಿಕೆ ಮರವಂತೂ ಬೇಡವೇ ಬೇಡ. ಕೊಯ್ಲಿನ ಸಮಯವಾದರೆ ಆಳುಗಳ ಲೆಕ್ಕ ನೋಡಿಕೊಂಡೇ ದಿನ ಗೊತ್ತು ಮಾಡಿ.

ರಕ್ತನಾಳದ ಮೂಲಕ ಮಿಡಜೋಲಾಮ್ ಕೊಡುವುದು ಇದಕ್ಕಿಂತ ಆಳವಾದ ಮಂಪರು. ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಬಹುದು. ಹೆಚ್ಚಾದರೆ ಫ್ಲೂಮಜೆನಿಲ್ ಎಂಬ ಪ್ರತಿಮದ್ದು ಇದೆ. ನಡೆದದ್ದು ಅನೇಕರಿಗೆ ನೆನಪೇ ಇರುವುದಿಲ್ಲ. ಆದರೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಉಸಿರು ನೋಡುತ್ತಲೇ ಇರಲು ಒಬ್ಬರು ಬೇಕು, ಸಾಮಾನ್ಯವಾಗಿ ಅರಿವಳಿಕೆ ತಜ್ಞರು. ಹಲ್ಲಿನ ಕೆಲಸ ಮಾಡುತ್ತಿರುವವರೇ ಅದನ್ನೂ ನೋಡಿಕೊಳ್ಳುತ್ತಾರೆ ಎಂದರೆ ನಾನು ಒಪ್ಪುವುದಿಲ್ಲ. ಜೋರಾಗಿ ಗೊರಕೆ ಹೊಡೆಯುವವರು, ನಿದ್ದೆಯಲ್ಲಿ ಉಸಿರು ಕಟ್ಟುವವರು ಅದನ್ನು ಮುಚ್ಚಿಡಬಾರದು. ಇದಕ್ಕಾಗಿ ಮಂಗಳೂರಿಗೆ ಹೋಗುವವರು ತಲಪಾಡಿ ದಾಟಿ ಬಸ್ಸಿನಲ್ಲಿ ಒಬ್ಬರೇ ವಾಪಸ್ ಬರುವ ಯೋಚನೆ ಬಿಡಬೇಕು.

ಪೂರ್ತಿ ಪ್ರಜ್ಞೆ ತಪ್ಪಿಸುವುದು ಆಸ್ಪತ್ರೆಯ ಕೆಲಸ. ಬಾಯಿ ತುಂಬ ಹುಳುಕಿರುವ ಪುಟ್ಟ ಮಕ್ಕಳಿಗೆ, ಕುರ್ಚಿಯಲ್ಲಿ ಕೂರಲಾಗದ ವಿಶೇಷ ಚೇತನರಿಗೆ ಅದು ವರದಾನ. ಒಂದು ಹಲ್ಲು ಕೀಳಲು ಅಷ್ಟೆಲ್ಲ ಬೇಡ.

ಊಟದ ವಿಷಯದಲ್ಲೂ ಗೊಂದಲ ಇದೆ. ಬರೀ ಮರಗಟ್ಟಿಸುವ ಇಂಜೆಕ್ಷನ್ ಆದರೆ ತಿಂಡಿ ತಿಂದೇ ಬನ್ನಿ. ಹೊಟ್ಟೆ ಖಾಲಿ ಇದ್ದು ಹೆದರಿದರೆ ತಲೆ ತಿರುಗುತ್ತದೆ. ರಕ್ತನಾಳದ ಮಂಪರಿಗಾದರೆ ಸಾಮಾನ್ಯವಾಗಿ 6 ಗಂಟೆ ಮೊದಲೇ ಊಟ ನಿಲ್ಲಿಸಬೇಕು, 2 ಗಂಟೆ ಮೊದಲು ನೀರನ್ನೂ. ಸಕ್ಕರೆ ಕಾಯಿಲೆಯವರು ತಮ್ಮ ಮಾತ್ರೆ, ಇನ್ಸುಲಿನ್ ಬಗ್ಗೆ ಕೇಳಿಯೇ ಉಪವಾಸ ಮಾಡಬೇಕು.

ಒಪ್ಪಿಗೆ ಪತ್ರ ನಮ್ಮಲ್ಲಿ ಅನೇಕ ಕಡೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಎಷ್ಟೋ ಮಂದಿ ಅಮ್ಮಂದಿರು ಸಂಕೋಚದಿಂದ ಸುಮ್ನೆ ಸಹಿ ಹಾಕುತ್ತಾರೆ. ಯಾವ ಮದ್ದು, ಎಷ್ಟು ಹೊತ್ತು ಮಂಪರು, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು, ಈ ಮೂರನ್ನೂ ಕನ್ನಡದಲ್ಲೋ ತುಳುವಿನಲ್ಲೋ ಹೇಳಿಸಿಕೊಂಡ ಮೇಲೆಯೇ ಪೆನ್ನು ಹಿಡಿಯಿರಿ.