ಲೇಸರ್‌ಗೆ ಅಡ್ವಾನ್ಸ್ ಕಟ್ಟುವ ಮೊದಲು

ಕನ್ನಡಕ ಬಿಡಬೇಕೆಂದು ಮಂಗಳೂರಿನ, ಮಣಿಪಾಲದ ಆಸ್ಪತ್ರೆಗಳಿಗೆ ಫೋನ್ ಮಾಡುವವರ ಮೊದಲ ಪ್ರಶ್ನೆ ‘ಲೇಸರ್‌ಗೆ ಎಷ್ಟಾಗ್ತದೆ?’ ಫೋನಿನಲ್ಲಿ ಸಿಗುವ ಮೊತ್ತವನ್ನು ನೆಚ್ಚಬೇಡಿ. ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ದಪ್ಪ, ಆಕಾರ ಅಳೆಯುವ ತನಕ ಯಾವ ವಿಧಾನ ಒಗ್ಗುತ್ತದೆಂದು ಯಾರಿಗೂ ಗೊತ್ತಿಲ್ಲ. ದರ ನಿಲ್ಲುವುದು ವಿಧಾನದ ಮೇಲೆ. ಮೊದಲು ತಪಾಸಣೆಯ ಶುಲ್ಕ ಮಾತ್ರ ಕಟ್ಟಿ. ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಒಂದೆರಡು ವಾರ ಮುಂಚೆಯೇ ಅದನ್ನು ಬಿಟ್ಟಿರಬೇಕು. ಇಲ್ಲವಾದರೆ ಅಳತೆ ತಪ್ಪಿ, ಅದೇ ತಪಾಸಣೆಗೆ ಮತ್ತೆ ಬರಬೇಕಾದೀತು.

ಅಳತೆಯ ಲೆಕ್ಕ ಹೀಗೆ: ಕಾರ್ನಿಯಾದ ದಪ್ಪ ಸರಾಸರಿ 540 ಮೈಕ್ರಾನ್ (ಸಾವಿರ ಮೈಕ್ರಾನ್ ಎಂದರೆ ಒಂದು ಮಿ.ಮೀ.). ಮೇಲ್ಪದರ ಎತ್ತಿ ಅದರಡಿ ಲೇಸರ್ ಮಾಡುವ ಲಾಸಿಕ್ ವಿಧಾನದಲ್ಲಿ ಆ ಪದರಕ್ಕೆ 110ರಷ್ಟು ಹೋಗುತ್ತದೆ. ಲೇಸರ್ ತಾಗುವ 6 ಮಿ.ಮೀ. ಅಗಲದ ವಲಯದಲ್ಲಿ ಒಂದು ಪವರ್ ಇಳಿಸಲು ಸುಮಾರು 12 ಮೈಕ್ರಾನ್ ಸವೆಸಬೇಕು. ಅಡಿಯಲ್ಲಿ ಕನಿಷ್ಠ 250 ಉಳಿಯಲೇಬೇಕು, ಇಲ್ಲದಿದ್ದರೆ ಕಾರ್ನಿಯಾ ಮುಂದಕ್ಕೆ ಉಬ್ಬುವ ಅಪಾಯವಿದೆ. 480 ಮೈಕ್ರಾನಿನ ಕಣ್ಣಿಗೆ ಮೈನಸ್ 8 ಇದ್ದರೆ ಉಳಿಯುವುದು 274. ಅದು ಕನಿಷ್ಠಕ್ಕಿಂತ ತುಸುವೇ ಹೆಚ್ಚಾದ್ದರಿಂದ ಎಚ್ಚರದ ವೈದ್ಯರು ಇಲ್ಲಿ ಲಾಸಿಕ್ ಬೇಡ ಎನ್ನುತ್ತಾರೆ. ಅಂಥವರಿಗೆ ಸೂಚಿಸುವ ಐಸಿಎಲ್‌ನಲ್ಲಿ ಕಣ್ಣಿನೊಳಗೆ ಕೂರಿಸುವ ಮಸೂರದ ಬೆಲೆಯೇ ದೊಡ್ಡದು, ಬಜೆಟ್ ಬುಡಮೇಲಾಗುತ್ತದೆ.

ವಿಮೆಯ ತಮಾಷೆ ಇಲ್ಲೇ ಇದೆ. ವಿಮಾ ನಿಯಂತ್ರಕ ಐಆರ್‌ಡಿಎಐ ರೂಪಿಸಿದ ಏಕರೂಪದ ಷರತ್ತಿನಂತೆ 7.5 ಡಯಾಪ್ಟರ್‌ಗಿಂತ (ಪವರ್‌ನ ಅಳತೆ) ಕಡಿಮೆ ದೃಷ್ಟಿದೋಷದ ಚಿಕಿತ್ಸೆಯನ್ನು ಆರೋಗ್ಯ ಪಾಲಿಸಿಯಿಂದ ಹೊರಗಿಡಬಹುದು. ಅಂದರೆ ಲೇಸರ್ ಸಲೀಸಾಗಿ ಆಗುವ ಮೈನಸ್ 3, 4ರವರು ಸ್ವಂತ ದುಡ್ಡು ಹಾಕಬೇಕು. ವಿಮೆ ಸಿಗಬಹುದಾದವರಲ್ಲಿ ಹಲವರ ಕಾರ್ನಿಯಾ ಲೇಸರ್‌ಗೆ ಸಾಲದು. ಚೀಟಿಯಲ್ಲಿ ಗೋಳ (ಮುಖ್ಯ ಪವರ್) 7, ಸಿಲಿಂಡರ್ (ಕಾರ್ನಿಯಾದ ಅಸಮ ಬಾಗಿಗೆ ಕೊಡುವ ಪವರ್) 1.5 ಇದ್ದಾಗ ಹೇಗೆ ಲೆಕ್ಕ ಹಿಡಿಯುತ್ತಾರೆ ಎಂದು ವಿಮಾ ಕಂಪನಿಯಿಂದ ಬರಹದಲ್ಲೇ ಉತ್ತರ ಪಡೆಯಿರಿ. ಪಾಲಿಸಿಯ ಕಾಯುವ ಅವಧಿ ಮುಗಿದಿದೆಯೇ ನೋಡಿ. ಹಳೆಯ ಕನ್ನಡಕದ ಚೀಟಿ, ಕಾರ್ನಿಯಾದ ಆಕಾರ ತೋರಿಸುವ ಟೊಪೊಗ್ರಫಿ ವರದಿ ಎಸೆಯಬೇಡಿ, ಕ್ಲೇಮಿಗೆ ಬೇಕಾಗುತ್ತವೆ.

ಪ್ಯಾಕೇಜ್ ಎಂದಾಗ ಎರಡೂ ಕಣ್ಣಿಗೋ ಒಂದಕ್ಕೋ ಎಂದು ಕೇಳಲು ಮುಜುಗರ ಬೇಡ. ತಿಂಗಳುಗಟ್ಟಲೆ ಹಾಕಬೇಕಾಗಬಹುದಾದ ಕಣ್ಣೀರಿನ ಡ್ರಾಪ್ಸ್ ಸಾಮಾನ್ಯವಾಗಿ ಅದರ ಹೊರಗೆ. ಪವರ್ ಸ್ವಲ್ಪ ಉಳಿದರೆ ಅಥವಾ ಮರಳಿದರೆ ಮತ್ತೆ ಲೇಸರ್ ಮಾಡುವ ಖರ್ಚು ಯಾರದು, ಎಷ್ಟು ಸಮಯದ ತನಕ? ಜಗಳಗಳೆಲ್ಲ ಹುಟ್ಟುವುದು ಇಲ್ಲೇ, ಬಾಯಿಮಾತು ಬೇಡ, ಕಾಗದದಲ್ಲಿ ಬರೆಸಿಕೊಳ್ಳಿ. ನಲವತ್ತು ದಾಟಿದವರಿಗೆ ಓದುವ ಕನ್ನಡಕ ಬಂದೇ ಬರುತ್ತದೆ, ಅದು ಚಿಕಿತ್ಸೆಯ ದೋಷವಲ್ಲ.

ಬಡ್ಡಿಯಿಲ್ಲದ ಕಂತು ಎಂದು ಹೇಳುವ ‘ನೋ ಕಾಸ್ಟ್ ಇಎಂಐ’ ಪೂರ್ತಿ ಪುಕ್ಕಟೆಯಲ್ಲ. ಕ್ರೆಡಿಟ್ ಕಾರ್ಡಿನಲ್ಲಿ 90,000 ರೂಪಾಯಿಯನ್ನು ಶೇ. 15ರ ಬಡ್ಡಿಯಲ್ಲಿ 12 ಕಂತು ಮಾಡಿದರೆ ತಿಂಗಳಿಗೆ 8,123, ಬಡ್ಡಿ ಸುಮಾರು 7,480. ಈ ಬಡ್ಡಿಯಷ್ಟನ್ನು ರಿಯಾಯಿತಿಯಾಗಿ ಕಳೆದರೂ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ, ಸುಮಾರು 1,350, ನಿಮ್ಮ ತಲೆಗೇ. ಪ್ರೊಸೆಸಿಂಗ್ ಶುಲ್ಕ ಬೇರೆ. ಒಮ್ಮೆಲೇ ಕಟ್ಟಿದರೆ ಎಷ್ಟು ಬಿಡುತ್ತೀರಿ ಎಂದು ಕೇಳಿ ನೋಡಿ, ಕೆಲವೊಮ್ಮೆ ಅದೇ ಅಗ್ಗ. ಅರವತ್ತರೊಳಗಿನವರಿಗೆ ಈ ಬಿಲ್ಲಿಗೆ ಆದಾಯ ತೆರಿಗೆ ವಿನಾಯಿತಿಯೂ ಇಲ್ಲ.

ಗಲ್ಫ್‌ನಿಂದ ಒಂದು ತಿಂಗಳ ರಜೆಯಲ್ಲಿ ಬರುವವರು ದಿನಗಳ ಲೆಕ್ಕವನ್ನೂ ಹಾಕಬೇಕು. ಮರುದಿನ, ವಾರದ ನಂತರ, ತಿಂಗಳ ನಂತರ ಚೆಕಪ್ ಇರುತ್ತದೆ. ಕುಂದಾಪುರದಿಂದ ಬರುವವರಿಗಾದರೆ ಇದು ಪ್ರತಿ ಸಲ ಒಂದು ದಿನದ ಕೆಲಸ ಬಿಟ್ಟಂತೆ. ಕಾಂಟ್ಯಾಕ್ಟ್ ಲೆನ್ಸನ್ನು ವಿಮಾನ ಹತ್ತುವ ಮೊದಲೇ ನಿಲ್ಲಿಸಿದರೆ ಮಾತ್ರ ಎಲ್ಲ ಹೊಂದುತ್ತದೆ. ಮೇಲ್ಪದರ ಎತ್ತದೆ ಮೇಲ್ಮೈಯಲ್ಲೇ ಲೇಸರ್ ಮಾಡುವ ಪಿಆರ್‌ಕೆ ಆದರೆ ಸ್ಟೀರಾಯ್ಡ್ ಡ್ರಾಪ್ಸ್ ಎರಡು ಮೂರು ತಿಂಗಳು ನಡೆಯಬಹುದು, ಆಗ ಕಣ್ಣಿನ ಒತ್ತಡ ನೋಡಿಸುತ್ತಿರಬೇಕು. ಗಲ್ಫ್‌ನಲ್ಲಿ ಅದನ್ನು ನೋಡುವವರಿದ್ದಾರೆಯೇ ಎಂದು ವಿಚಾರಿಸಿಯೇ ಟಿಕೆಟ್ ಮಾಡಿ. ಮಲ್ಪೆ, ಪಣಂಬೂರಿನ ಸಮುದ್ರಸ್ನಾನವಂತೂ ಆ ರಜೆಯಲ್ಲಿ ಇಲ್ಲ.