ರಾತ್ರಿ ಎಂಟಕ್ಕೆ ಸರಿಯಾಗಿ ಕುರುಕ್ಷೇತ್ರ

ತುಮಕೂರು ಕಡೆಯ ಹಳ್ಳಿ ನಾಟಕದ ಕರಪತ್ರದಲ್ಲಿ ‘ರಾತ್ರಿ 8 ಗಂಟೆಗೆ ಸರಿಯಾಗಿ’ ಎಂದೇ ಇರುತ್ತದೆ. ನಂಬಿಕೊಂಡು ಎಂಟಕ್ಕೆ ಹೋದರೆ ಸಿಗುವುದು ಸೀನರಿ ಕಟ್ಟುವ ಹುಡುಗರು ಮತ್ತು ಮೈಕಿನ ‘ಹಲೋ, ಹಲೋ’. ಊರವರು ಉಂಡು, ಎಲೆಅಡಿಕೆ ಹಾಕಿಕೊಂಡು, ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಬರುವುದು ಹತ್ತಕ್ಕೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಂಟು ಅಂದರೆ ಹತ್ತು ಅಂತ ಎಲ್ಲರಿಗೂ ಗೊತ್ತು.

ಬೆಳಗಿನವರೆಗೂ ಆಡಬೇಕು ಎಂಬುದನ್ನೂ ಯಾರೂ ಬರೆದಿಟ್ಟಿಲ್ಲ. ಅದು ಈ ನಾಟಕಗಳಿಗಿಂತ ಹಳೆಯದು. ಸುಗ್ಗಿ ಮುಗಿದ ಮೇಲೆ ಇಲ್ಲಿನ ರೈತರು ಮೂಡಲಪಾಯ ಎಂಬ ಬಯಲಾಟ ಆಡುತ್ತಿದ್ದದ್ದು ರಾತ್ರಿಯಿಡೀ. ಇದಕ್ಕೆ ಕಾರಣ ಭಕ್ತಿ ಒಂದೇ ಅಲ್ಲ ಎಂದು ನನಗನ್ನಿಸುತ್ತದೆ. ಅಕ್ಕಪಕ್ಕದ ಊರುಗಳಿಂದ ನಡೆದು, ಗಾಡಿ ಕಟ್ಟಿಕೊಂಡು ಬಂದವರನ್ನು ಸರಿರಾತ್ರಿಯ ಕತ್ತಲಲ್ಲಿ ವಾಪಸ್ ಕಳಿಸುವುದು ಹೇಗೆ? ಆಟವನ್ನೇ ಬೆಳಕು ಹರಿಯುವ ತನಕ ಎಳೆಯುವುದು ಸುಲಭ, ಅಲ್ವಾ?

ಆಮೇಲೆ ಬಂದದ್ದು ಕಂಪನಿ ನಾಟಕ. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಗುಬ್ಬಿ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಹಳ್ಳಿಯವರು ಆನೆ ಎಲ್ಲಿಂದ ತರುತ್ತಾರೆ? ಪರದೆ, ಕಿರೀಟ, ಪದ್ಯ, ಹಾರ್ಮೋನಿಯಂ ಮೇಷ್ಟ್ರು, ಇಷ್ಟನ್ನು ಇಟ್ಟುಕೊಂಡರು.

ಒಂದು ಮಾತ್ರ ತಲೆಕೆಳಗಾಯಿತು. ಕಂಪನಿಯಲ್ಲಿ ನಟನಿಗೆ ಸಂಬಳ. ಹಳ್ಳಿಯಲ್ಲಿ ನಟನೇ ದುಡ್ಡು ಕೊಡಬೇಕು. ದುರ್ಯೋಧನ, ಕೃಷ್ಣನ ಪಾತ್ರಕ್ಕೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಡಿಮೆ. ಆಸೆಪಡುವವರು ಹೆಚ್ಚಾದರೆ ಒಂದೇ ನಾಟಕದಲ್ಲಿ ಇಬ್ಬರು ಕೃಷ್ಣರು. ಮಧ್ಯರಾತ್ರಿ ಒಬ್ಬ ಒಳಗೆ ಹೋಗಿ ಇನ್ನೊಬ್ಬ ಬರುತ್ತಾನೆ. ಮೈಬಣ್ಣ, ದನಿ, ಎತ್ತರ ಎಲ್ಲ ಬೇರೆ. ಯಾರೂ ಕೇಳುವುದಿಲ್ಲ. ದುಡ್ಡು ಕೊಟ್ಟವನ ಪದ್ಯವನ್ನು ಕತ್ತರಿಸುವ ಹಾಗಿಲ್ಲ. ನೆಂಟರು ‘ಒನ್ಸ್ ಮೋರ್’ ಅಂದರೆ ಮತ್ತೆ ಹಾಡಲೇಬೇಕು. ನಡುವೆ ಹಾರ ಹಾಕಿ, ನೋಟು ಚುಚ್ಚುವವರಿಗಾಗಿ ಯುದ್ಧವೇ ನಿಲ್ಲುತ್ತದೆ.

ಹಾಗಾಗಿ ಆ ರಾತ್ರಿಯ ಮಟ್ಟಿಗೆ ಗಡಿಯಾರ ಅಂದರೆ ನಾಟಕವೇ. ‘ಸಂಧಾನಕ್ಕೆ ಎಬ್ಬಿಸು’ ಅಂತ ಹೇಳಿ ನಮ್ಮಜ್ಜಿ ಚಾಪೆಯ ಮೇಲೆ ಮುದುಡಿಕೊಳ್ಳುತ್ತಿದ್ದರು. ಅಭಿಮನ್ಯು ಸತ್ತರೆ ಕೋಳಿ ಕೂಗುವ ಹೊತ್ತು. ಕರ್ಣ ಬೀಳುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಿದ್ದರು. ಹಸು ಕರೆದು ಡೇರಿಗೆ ಹಾಲು ಹಾಕಬೇಕಲ್ಲ.

ಬರೆದ ನಿಯಮ ಬಂದದ್ದು 2000ದಲ್ಲಿ, ಶಬ್ದ ಮಾಲಿನ್ಯದ ನಿಯಮಗಳ ರೂಪದಲ್ಲಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿ 12ರ ತನಕ ಸರ್ಕಾರ ರಿಯಾಯಿತಿ ಕೊಡಬಹುದು. ನೋಡಿ, ಹತ್ತರಿಂದ ಆರು. ಕುರುಕ್ಷೇತ್ರ ನಡೆಯುವುದೇ ಆಗ! ಪರೀಕ್ಷೆಗೆ ಓದುವ ಮಕ್ಕಳ, ಕಾಯಿಲೆಯವರ ಪಾಡು ನೋಡಿದರೆ ಕಾನೂನನ್ನು ಬೈಯಲೂ ಆಗುವುದಿಲ್ಲ.

ಈಗ ಎಷ್ಟೋ ತಂಡಗಳು ಪಟ್ಟಣದ ರಂಗಮಂದಿರ ಹಿಡಿದು ಹಗಲಲ್ಲೇ ಆಡುತ್ತವೆ. ತುಮಕೂರಿನಲ್ಲಿ ಅಂಥದ್ದೊಂದಕ್ಕೆ ಹೋಗಿದ್ದೆ. ‘ಬೆಳಗ್ಗೆ 10ಕ್ಕೆ ಸರಿಯಾಗಿ’ ಎಂದಿತ್ತು. ನಾನು ಹನ್ನೊಂದೂವರೆಗೆ ಹೋದೆ, ಪರದೆ ಆಗ ತಾನೇ ಏಳುತ್ತಿತ್ತು. ಒಂದೂವರೆಗೆ ಹೊಟ್ಟೆ ಚುರುಗುಟ್ಟಿತು. ಹೊರಗೆ ಹೋಗಿ ಮುದ್ದೆ ಉಂಡು ಬಂದೆ. ದುರ್ಯೋಧನ ಇನ್ನೂ ಅದೇ ಪದ್ಯದಲ್ಲಿದ್ದ. ಮೂರನೇ ಸಲವಂತೆ.