ಬೆಳೆ ಒಣಗಿದ್ದು ನಮ್ಮ ವಿಶ್ವಾಸ ಸಾಲದ್ದಕ್ಕಾ?

ಮಾನ್ವಿ ಕಡೆಯ ಒಬ್ಬ ತಂಗಿ ಬರೆದಿದ್ದಾಳೆ: "ಅಕ್ಕಾ, ನಮ್ಮ ಹೊಲ ಕಾಲುವೆಯ ಕೊನೆಭಾಗದಲ್ಲಿದೆ. ನೀರು ಬರಲಿಲ್ಲ, ಭತ್ತ ಒಣಗಿತು, ಸಾಲ ಉಳಿಯಿತು. ಇವರಿಗೆ ವಿಶ್ವಾಸ ಸಾಲದು, ಏನೋ ಗುಪ್ತ ಪಾಪ ಇರಬೇಕು ಅಂತ ಸಭೆಯಲ್ಲೇ ಕೆಲವರು ಆಡಿಕೊಳ್ಳುತ್ತಾರೆ. ಇಂಥ ಹೊತ್ತಿನಲ್ಲಿ ದೇವರ ಸಹಾಯವನ್ನು ನಂಬುವುದು ಹೇಗೆ?"

ಮೊದಲು ಆ ಆಡಿಕೊಳ್ಳುವ ಮಾತನ್ನೇ ನೋಡೋಣ ತಂಗಿ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ್ದೂ ಅದನ್ನೇ: ಪಾಪ ಮಾಡಿದವರು ಯಾರು, ಇವನೋ, ಇವನ ತಂದೆತಾಯಿಯೋ? ಇವನೂ ಅಲ್ಲ, ಅವರೂ ಅಲ್ಲ ಎಂದರು ಯೇಸುಸ್ವಾಮಿ (ಯೋಹಾನ 9). ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಗೆ ಮುಟ್ಟದಿದ್ದರೆ ಪ್ರಾರ್ಥನೆ ಮಾಡುವವರ ಭತ್ತವೂ ಒಣಗುತ್ತದೆ. ನಮ್ಮ ಮನೆಯವರು ಹಾಸಿಗೆ ಹಿಡಿದಿದ್ದ ವರ್ಷ ನನಗೂ ಇಂಥದೇ ಮಾತು ಬಿದ್ದಿತ್ತು. ಕಾಯಿಲೆ ವಾಸಿಯಾದ ಮೇಲೂ ಆ ಮಾತು ಚುಚ್ಚುತ್ತಲೇ ಇತ್ತು.

ಇನ್ನು ನಂಬುವುದು ಹೇಗೆ? ನಾನು ಮತ್ತೆ ಮತ್ತೆ ತೆರೆಯುವುದು ಬೈಬಲಿನ ನೆಹೆಮೀಯನ ಪುಸ್ತಕವನ್ನು. ಯೆರೂಸಲೇಮಿನ ಬಿದ್ದ ಗೋಡೆ ಕಟ್ಟಲು ಹೊರಟವನು ಅವನು. ನಿನಗೇನು ಬೇಕೆಂದು ತಾನು ಸೇವೆಗಿದ್ದ ಪಾರಸಿಯ ಅರಸ ಕೇಳಿದಾಗ ದೇವರಿಗೆ ಪ್ರಾರ್ಥಿಸಿದ, ಹಿಂದೆಯೇ ಮರಮುಟ್ಟಿಗೆ ಪತ್ರವನ್ನೂ ಕೇಳಿ ಪಡೆದ. ನರಿ ಹತ್ತಿದರೂ ಈ ಗೋಡೆ ಬೀಳುತ್ತದೆ ಎಂದು ಆ ಕೆಲಸದ ವಿರೋಧಿ ಟೋಬೀಯ ಹಂಗಿಸಿದ. ನೆಹೆಮೀಯ ಅವನಿಗೆ ಎದುರುತ್ತರ ಕೊಡಲಿಲ್ಲ. ಅವಮಾನವನ್ನು ದೇವರ ಮುಂದೆ ಹೇಳಿಕೊಂಡು ಕೆಲಸ ಮುಂದುವರಿಸಿದ. ದಾಳಿಯ ಸುದ್ದಿ ಬಂದಾಗ ಮೊರೆಯಿಟ್ಟ, ಹಗಲಿರುಳು ಕಾವಲನ್ನೂ ಇಟ್ಟ. 52 ದಿನಕ್ಕೆ ಗೋಡೆ ಮುಗಿಯಿತು.

ಐದನೇ ಅಧ್ಯಾಯವನ್ನು ಮಾತ್ರ ನಾವು ಬೇಗ ದಾಟಿಬಿಡುತ್ತೇವೆ. ಅಲ್ಲಿ ಕೂಗಿದವರು ಸ್ವಂತ ಜನ: ಬರದಲ್ಲಿ ಹೊಲ ಒತ್ತೆಯಿಟ್ಟೆವು, ಮಕ್ಕಳನ್ನು ದಾಸರಾಗಿ ಕೊಡಬೇಕಾಗಿದೆ. ಟೋಬೀಯನ ಮಾತಿಗೆ ಸೊಪ್ಪು ಹಾಕದವನು ಈ ಕೂಗಿಗೆ ಕಿವಿಗೊಟ್ಟ. ತಾನೂ ಸಾಲ ಕೊಟ್ಟವನೇ ಎಂದು ಒಪ್ಪಿಕೊಂಡು, ಹೊಲಗಳನ್ನು ಹಿಂದಿರುಗಿಸಿರೆಂದು ಮುಖಂಡರನ್ನು ಒಪ್ಪಿಸಿದ. ಹಾಗಾಗಿ ನಿನ್ನ ಮೇಲೆ ಬಂದ ಮಾತನ್ನು ಒಮ್ಮೆ ಕೇರಿ ನೋಡು. ಒಂದು ಕಾಳು ಸತ್ಯ ಸಿಕ್ಕರೆ ಅದನ್ನು ಸರಿಪಡಿಸಿಕೋ, ಉಳಿದ ಹೊಟ್ಟನ್ನು ಗಾಳಿಗೆ ಬಿಡು. ಆಡಿಕೊಳ್ಳುವವರಿಗೂ ಆ ಅಧ್ಯಾಯ ಓದಿ ಎನ್ನುತ್ತೇನೆ. ಸಾಲದಲ್ಲಿರುವ ಮನೆಗೆ ಪಾಪ ಹುಡುಕಿಕೊಂಡು ಹೋಗುವ ಸಭೆ ಕ್ರಿಸ್ತನನ್ನು ನೋಯಿಸುತ್ತಿದೆ.

ನೀನು ಸೊಸೈಟಿಗೋ ಬ್ಯಾಂಕಿಗೋ ಹೋಗಿ ಕಂತು ಮುಂದೂಡಲು ಕೇಳು. ಬೆಳೆವಿಮೆ ಕಟ್ಟಿದ್ದರೆ ವಿಚಾರಿಸು. ಕೇಳಲು ಹೋದರೆ ವಿಶ್ವಾಸ ಕುಂದುವುದಿಲ್ಲ, ನೆಹೆಮೀಯನೂ ಕೇಳಿದ್ದ.

ಕೇಳಿದರೂ ಕಷ್ಟ ತೊಲಗದೆ ಇರಬಹುದು. ತನ್ನನ್ನು ಕಾಡುತ್ತಿದ್ದ 'ಶರೀರದ ಮುಳ್ಳನ್ನು' ತೆಗೆ ಎಂದು ಅಪೊಸ್ತಲ ಪೌಲ ಮೂರು ಸಾರಿ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಮಾತು ಬಂತು (2 ಕೊರಿಂಥ 12). ಅವನನ್ನು ಕಡೆತನಕ ನಡೆಸಿದ್ದು ಆ ಕೃಪೆ. ಈ ವಚನ ಕನ್ನಡಕ್ಕೆ ಬಂದದ್ದರ ಹಿಂದೆಯೂ ನಮ್ಮ ಸೀಮೆಯ ದೀರ್ಘ ತಾಳ್ಮೆಯಿದೆ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕೈಹಚ್ಚಿದ ಕನ್ನಡ ಬೈಬಲ್ ಪೂರ್ತಿಯಾಗಿದ್ದು 1831ರಲ್ಲಿ.

ರಾತ್ರಿ ನಿದ್ದೆ ಹತ್ತದಿದ್ದರೆ 121ನೇ ಕೀರ್ತನೆಯನ್ನು ಗಟ್ಟಿಯಾಗಿ ಓದು, ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೋ. ಬುಧವಾರದ ಕೂಟದಲ್ಲಿ ನಿಮ್ಮ ಮನೆಗಾಗಿ ಪ್ರಾರ್ಥಿಸುತ್ತಿದ್ದೇವೆ. ಸೊಸೈಟಿಯವರು ಏನಂದರೆಂದು ಬರೆ ತಂಗಿ.